ಒಂದೇ ಸೂರು, ಎರಡು ಮೊಹರು

ಪರದೇಶದಲ್ಲಿ ಹೊಸದಾಗಿ ಸಂಸಾರ ಹೂಡುವ ದಂಪತಿಗಳಿಗೆ ಅಲ್ಲಿನ ಚಳಿ, ಅಲ್ಲಿನ ಊಟ, ಅಲ್ಲಿನವರ ಮಾತಿನ ರೀತಿ ಇವುಗಳನ್ನು ಕುರಿತು ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ ದೊರೆಯುತ್ತಾರೆ. ಅಲ್ಲಿನ ಕಾನೂನು ಒಂದೇ ಸೂರಿನ ಕೆಳಗಿರುವ ಗಂಡಹೆಂಡಿರನ್ನು ಬೇರೆ ಬೇರೆ ಕಣ್ಣಿನಿಂದ ನೋಡಬಹುದೆಂಬ ಸಂಗತಿಯನ್ನು ತಿಳಿಸಿ ಹೇಳುವವರು ಮಾತ್ರ ಅಪರೂಪ. ಅಗ್ನಿಸಾಕ್ಷಿಯಾಗಿ ಒಂದಾದವರನ್ನು ವಲಸೆ ಕಚೇರಿಯ ಕಡತ ಎರಡಾಗಿ ಎಣಿಸುತ್ತದೆ. ಒಬ್ಬರ ಪಾಲಿಗೆ ತೆರೆದಿರುವ ಬಾಗಿಲು ಇನ್ನೊಬ್ಬರ ಪಾಲಿಗೆ ಮುಚ್ಚಿರುತ್ತದೆ. ಮನೆಯಲ್ಲಿ ತೊಟ್ಟಿಲು ಕಟ್ಟಿದ ಮೇಲೆ ಈ ಭೇದದ ಬಿಸಿ ತಟ್ಟುವುದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಧಾರವಾಡಗಳ ಅನೇಕ ಮಧ್ಯಮವರ್ಗದ ಮನೆಗಳ ಮಗನೋ ಮಗಳೋ ಸೊಸೆಯೋ ಇಂದು ಬ್ರಿಟನ್ನಿನಲ್ಲಿರುವುದುಂಟು. ಆ ದೇಶದಲ್ಲಿ ಮಕ್ಕಳಿರುವ ಸಂಸಾರಕ್ಕೆ ಸರಕಾರ ಕೊಡುವ ನೆರವು ಒಂದೆರಡು ಬಗೆಯದಲ್ಲ. ಆದರೆ ದಂಪತಿಗಳಲ್ಲಿ ಒಬ್ಬರು ಅಲ್ಲಿನ ಪ್ರಜೆಯಾಗಿದ್ದು, ಇನ್ನೊಬ್ಬರು ಷರತ್ತಿನ ವೀಸಾದ ಮೇಲೆ ಬಂದವರಾಗಿದ್ದರೆ ಆ ನೆರವನ್ನು ಕೇಳಬಹುದೇ, ಕೇಳುವುದಾದರೆ ಯಾರ ಹೆಸರಿನಲ್ಲಿ ಕೇಳಬೇಕು ಎಂಬ ಪ್ರಶ್ನೆ ಏಳುತ್ತದೆ. ಇಲ್ಲಿ ಎರಡು ಬಗೆಯ ತಪ್ಪುಗಳಿಗೆ ಎಡೆಯುಂಟು. ವೀಸಾ ಹೋದೀತೆಂಬ ಭಯದಿಂದ ನ್ಯಾಯವಾಗಿ ಬರಬೇಕಾದುದನ್ನೂ ಕೈಬಿಡುವುದು ಒಂದು. ಯಾರ ಹೆಸರಿನಲ್ಲಿ ಕೇಳಿದರೇನೆಂದು ಅರ್ಜಿ ಹಾಕಿ ವೀಸಾಕ್ಕೇ ಸಂಚಕಾರ ತಂದುಕೊಳ್ಳುವುದು ಇನ್ನೊಂದು. ಮೊದಲನೆಯದರಿಂದ ಹಣ ಹೋಗುತ್ತದೆ. ಎರಡನೆಯದರಿಂದ ನೆಲೆಯೇ ಹೋಗಬಹುದು.

ಮಕ್ಕಳ ಭತ್ಯದ ಹುಟ್ಟಿನ ಕಥೆ ಸ್ವಾರಸ್ಯವಾದುದು. ಎಲಿನರ್ ರಾತ್‌ಬೋನ್ ಎಂಬ ಮಹಿಳೆ 1924ರಲ್ಲಿ ಒಂದು ಗ್ರಂಥವನ್ನು ಬರೆದು, ಮಕ್ಕಳನ್ನು ಸಾಕುವ ವೆಚ್ಚದಲ್ಲಿ ಸಮಾಜಕ್ಕೂ ಪಾಲಿದೆಯೆಂದು ವಾದಿಸಿದಳು. 1929ರಲ್ಲಿ ಆಕೆ ಪಾರ್ಲಿಮೆಂಟಿನ ಸದಸ್ಯೆಯಾದಳು. ನಮ್ಮ ದೇಶದ ಬಾಲ್ಯವಿವಾಹದ ಅನಿಷ್ಟವನ್ನು ಕುರಿತು 1934ರಲ್ಲಿ ಪುಸ್ತಕ ಬರೆದವಳೂ ಈಕೆಯೇ. ಎರಡು ದಶಕಗಳ ಹೋರಾಟದ ಫಲವಾಗಿ 1945ರಲ್ಲಿ ಕುಟುಂಬ ಭತ್ಯ ಕಾಯಿದೆ ಬಂದಿತು. ಆ ಮಸೂದೆಯ ಮೊದಲ ರೂಪದಲ್ಲಿ ಹಣವನ್ನು ತಂದೆಗೆ ಕೊಡಬೇಕೆಂದಿತ್ತು. ರಾತ್‌ಬೋನ್ ಅದನ್ನು ಬಲವಾಗಿ ಎದುರಿಸಿದಳು. ಕೊನೆಗೆ ಹಣ ತಾಯಿಯ ಕೈಗೇ ಸೇರಬೇಕೆಂದು ಪಾರ್ಲಿಮೆಂಟು ತೀರ್ಮಾನಿಸಿತು. ಎರಡನೆಯ ಮಗುವಿನಿಂದ ಆರಂಭಿಸಿ ಪ್ರತಿ ಮಗುವಿಗೆ ವಾರಕ್ಕೆ 5 ಷಿಲಿಂಗು. ಮೊದಲ ಪಾವತಿಯಾದುದು 1946ರ ಆಗಸ್ಟ್ 6ರಂದು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಆಕೆಗಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ಆಕೆ ತೀರಿಕೊಂಡಿದ್ದಳು. 1975ರ ಕಾಯಿದೆಯಿಂದ ಆ ಭತ್ಯ ‘ಚೈಲ್ಡ್ ಬೆನಿಫಿಟ್’ ಎಂಬ ಹೆಸರು ತಳೆದು ಮೊದಲನೆಯ ಮಗುವಿಗೂ ವಿಸ್ತರಿಸಿತು.

ತಾಯಿಯ ಕೈಗೆ ಹಣ ಸೇರಬೇಕೆಂಬ ಆ ತತ್ತ್ವಕ್ಕೆ ಹೊರನಾಡಿನಿಂದ ಬಂದ ತಾಯಿಯ ವಿಷಯದಲ್ಲಿ ಕಾನೂನು ಒಂದು ಅಡ್ಡಗೋಡೆಯನ್ನು ಎಬ್ಬಿಸಿದೆ. 1971ರ ವಲಸೆ ಕಾಯಿದೆಯ ಪ್ರಕಾರ ಒಬ್ಬರಿಗೆ ಕೊಡುವ ವಾಸದ ಅನುಮತಿಗೆ ಷರತ್ತುಗಳನ್ನು ಹಾಕುವ ಅಧಿಕಾರ ಸರಕಾರಕ್ಕುಂಟು. ಸಾರ್ವಜನಿಕ ನಿಧಿಯ ನೆರವಿಲ್ಲದೆ ತಮ್ಮ ಜೀವನವನ್ನು ತಾವೇ ನಡೆಸಿಕೊಳ್ಳಬೇಕೆಂಬುದು ಅಂತಹ ಷರತ್ತುಗಳಲ್ಲಿ ಮುಖ್ಯವಾದುದು. 1999ರ ವಲಸೆ ಮತ್ತು ಆಶ್ರಯ ಕಾಯಿದೆಯ 115ನೆಯ ಕಲಮು ಈ ಷರತ್ತಿಗೆ ಒಳಪಟ್ಟವರನ್ನು ‘ವಲಸೆ ನಿಯಂತ್ರಣಕ್ಕೆ ಒಳಪಟ್ಟ ವ್ಯಕ್ತಿ’ ಎಂದು ಕರೆದು, ಅವರನ್ನು ಬಹುಮಟ್ಟಿನ ಭತ್ಯಗಳಿಂದ ದೂರವಿರಿಸುತ್ತದೆ. ಮಕ್ಕಳ ಭತ್ಯ, ಬಡ ಮತ್ತು ಅಲ್ಪವರಮಾನದ ಸಂಸಾರಗಳಿಗೆ ಸಲ್ಲುವ ಯೂನಿವರ್ಸಲ್ ಕ್ರೆಡಿಟ್, ಬಾಡಿಗೆಯ ನೆರವು, ವೃದ್ಧರ ಪೆನ್ಷನ್ ಕ್ರೆಡಿಟ್, ಅಂಗವಿಕಲರ ಕೆಲವು ಭತ್ಯಗಳು, ಪುರಸಭೆಯ ಮನೆ, ಪುರಸಭೆಯ ತೆರಿಗೆಯಲ್ಲಿ ಬಡವರಿಗೆ ದೊರೆಯುವ ಇಳಿತ ಇವೆಲ್ಲವೂ ಸಾರ್ವಜನಿಕ ನಿಧಿಯ ಪಟ್ಟಿಯಲ್ಲಿ ಸೇರಿವೆ. ಷರತ್ತನ್ನು ತಿಳಿದೂ ಮುರಿಯುವುದು ಅಪರಾಧ. ಮುಂದಿನ ವೀಸಾ ಅರ್ಜಿಗೂ ಅದರಿಂದ ಕಂಟಕ.

ಸಂಗತಿ ಸ್ಪಷ್ಟವಾಗಲು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಗಂಡ ಹಾಸನದ ಕಡೆಯವನು. ಬಹಳ ವರ್ಷಗಳ ಹಿಂದೆ ಇಂಗ್ಲೆಂಡಿಗೆ ಹೋಗಿ, ಭಾರತದ ಪೌರತ್ವವನ್ನು ಬಿಟ್ಟುಕೊಟ್ಟು ಬ್ರಿಟಿಷ್ ಪ್ರಜೆಯಾಗಿದ್ದಾನೆ. ಹೆಂಡತಿ ಹುಬ್ಬಳ್ಳಿಯವಳು; ಮದುವೆಯಾಗಿ ಗಂಡನ ಬಳಿಗೆ ಪತ್ನಿಯ ವೀಸಾದ ಮೇಲೆ ಬಂದವಳು. ಈ ವೀಸಾಕ್ಕೆ ಸಂಸಾರದ ವರಮಾನ ಇಂತಿಷ್ಟಿರಬೇಕೆಂಬ ನಿಯಮವುಂಟು: 2012ರಲ್ಲಿ ವರ್ಷಕ್ಕೆ 18,600 ಪೌಂಡು ಎಂದು ಗೊತ್ತುಮಾಡಿದ್ದುದನ್ನು 2024ರ ಏಪ್ರಿಲ್ 11ರಿಂದ 29,000 ಪೌಂಡಿಗೆ ಏರಿಸಲಾಯಿತು. ಹೊರಗಿನಿಂದ ಬರುವವರಿಗೆ ಮೊದಲು 33 ತಿಂಗಳು, ಅನಂತರ 30 ತಿಂಗಳು ಎಂದು ಅನುಮತಿ ದೊರೆಯುತ್ತದೆ. ಈ ಹಾದಿಯಲ್ಲಿ 5 ವರ್ಷಗಳು ತುಂಬಿದ ಮೇಲೆ ಕಾಯಂ ನೆಲೆಗೆ ಅರ್ಜಿ ಹಾಕಬಹುದು. ಅಲ್ಲಿಯತನಕ ಆಕೆ ಉದ್ಯೋಗ ಮಾಡಬಹುದು, ತೆರಿಗೆಯನ್ನು ಸಲ್ಲಿಸಬೇಕು. ಸಾರ್ವಜನಿಕ ನಿಧಿಯನ್ನು ಮಾತ್ರ ಮುಟ್ಟುವಂತಿಲ್ಲ.

ಇವರಿಗೆ ಲೆಸ್ಟರ್ ನಗರದಲ್ಲಿ ಒಂದು ಹೆಣ್ಣುಮಗು ಹುಟ್ಟಿತೆನ್ನೋಣ. ತಂದೆ ಬ್ರಿಟಿಷ್ ಪ್ರಜೆಯಾದುದರಿಂದ ಮಗು ಹುಟ್ಟಿನಿಂದಲೇ ಬ್ರಿಟಿಷ್ ಪ್ರಜೆ. ಹಾಗಾದರೆ ಮಗುವಿನ ಭತ್ಯ ತಾನಾಗಿಯೇ ಮನೆಗೆ ಬರಬೇಕಲ್ಲವೇ ಎಂದು ಕೇಳುವವರುಂಟು. ಬರುವುದಿಲ್ಲ. ಭತ್ಯದ ಹೆಸರು ಮಗುವಿನದು, ಹಕ್ಕು ಅರ್ಜಿದಾರರದು. ಮಗುವಿನ ಹೊಣೆ ಹೊತ್ತಿರುವ ಒಬ್ಬರು ಅರ್ಜಿ ಹಾಕಬೇಕು. ಆ ಒಬ್ಬರು ಹುಬ್ಬಳ್ಳಿಯ ತಾಯಿಯಾದರೆ ಅರ್ಜಿ ನಿಲ್ಲುವುದಿಲ್ಲ; ಆಕೆಯ ವೀಸಾಕ್ಕೂ ಕುತ್ತು. ಹಾಸನದ ತಂದೆಯಾದರೆ ಯಾವ ಅಡ್ಡಿಯೂ ಇಲ್ಲ. ತನ್ನ ಮಗುವಿಗಾಗಿ ತನ್ನ ಸ್ವಂತ ಹಕ್ಕಿನಿಂದ ಅವನು ಪಡೆಯುವ ಹಣ ಅದು. ಹೆಂಡತಿ ಜೊತೆಯಲ್ಲಿದ್ದಾಳೆಂದು ಆ ಮೊತ್ತ ಒಂದು ಪೆನ್ನಿಯಷ್ಟೂ ಹೆಚ್ಚುವುದಿಲ್ಲ. ಆದಕಾರಣ ಆಕೆ ಷರತ್ತನ್ನು ಮುರಿದಂತಾಗುವುದಿಲ್ಲ. ಇಬ್ಬರೂ ಪ್ರಜೆಗಳಾಗಿದ್ದರೆ ತಾಯಿಯೇ ಅರ್ಜಿ ಹಾಕುವ ರೂಢಿಯಿರುವುದರಿಂದ ಅನೇಕರು ಯೋಚಿಸದೆ ತಾಯಿಯ ಹೆಸರನ್ನು ಬರೆದುಬಿಡುವ ಸಂಭವವುಂಟು. ಹೆಜ್ಜೆ ತಪ್ಪುವುದು ಇಲ್ಲಿಯೇ.

ಮೊತ್ತವೇನೂ ಅಲಕ್ಷಿಸುವಷ್ಟು ಸಣ್ಣದಲ್ಲ. 2025-26ರ ಆರ್ಥಿಕ ವರ್ಷದಲ್ಲಿ ಹಿರಿಯ ಮಗುವಿಗೆ ವಾರಕ್ಕೆ 26.05 ಪೌಂಡು, ಉಳಿದ ಪ್ರತಿ ಮಗುವಿಗೆ 17.25 ಪೌಂಡು ಎಂದು ದರವಿತ್ತು. ಒಂದು ಮಗುವಿದ್ದರೂ 52 ವಾರಕ್ಕೆ 1,354 ಪೌಂಡಿಗೆ ಮೇಲಾಯಿತು. ಭಯದಿಂದಲೋ ಉದಾಸೀನದಿಂದಲೋ ತಡಮಾಡಿದರೆ ಹಿಂದಿನ 3 ತಿಂಗಳ ಬಾಕಿ ಮಾತ್ರ ದೊರೆಯುತ್ತದೆ. ಅದಕ್ಕೂ ಹಿಂದಿನದು ಹೋದಂತೆಯೇ. ಗಂಡಹೆಂಡಿರಲ್ಲಿ ಯಾರೊಬ್ಬರ ವರಮಾನವಾದರೂ ವರ್ಷಕ್ಕೆ 60,000 ಪೌಂಡನ್ನು ಮೀರಿದರೆ, 2024ರ ಏಪ್ರಿಲಿನಿಂದ ಜಾರಿಯಲ್ಲಿರುವ ನಿಯಮದಂತೆ ಭತ್ಯದ ಒಂದು ಪಾಲನ್ನು ತೆರಿಗೆಯ ರೂಪದಲ್ಲಿ ಹಿಂದಿರುಗಿಸಬೇಕು. 80,000 ಪೌಂಡು ಮುಟ್ಟಿದರೆ ಪೂರ್ಣವಾಗಿ ಹಿಂದಿರುಗಿಸಬೇಕು. ಹೆಂಡತಿಗೆ ಭತ್ಯವನ್ನು ಕೇಳುವ ಹಕ್ಕಿಲ್ಲದಿದ್ದರೂ ಆಕೆಯ ಸಂಬಳ ಹೆಚ್ಚಾಗಿದ್ದರೆ ಈ ತೆರಿಗೆಯ ಹೊರೆ ಆಕೆಯ ಮೇಲೆಯೇ ಬೀಳುತ್ತದೆ. ಕೊಡುವಾಗ ಇಬ್ಬರೆಂದೂ ತೆಗೆದುಕೊಳ್ಳುವಾಗ ಒಬ್ಬರೆಂದೂ ಎಣಿಸುವ ಲೆಕ್ಕದ ಜಾಣತನವಿದು.

ಬೆಲೆಯುಳ್ಳ ಇನ್ನೊಂದು ಸೂಕ್ಷ್ಮವುಂಟು. 12 ವರ್ಷದೊಳಗಿನ ಮಗುವಿಗಾಗಿ ಮಕ್ಕಳ ಭತ್ಯ ಪಡೆಯುವವರಿಗೆ, ದುಡಿಯದೆ ಮನೆಯಲ್ಲಿದ್ದರೂ, ವೃದ್ಧಾಪ್ಯದ ಪಿಂಚಣಿಯ ಲೆಕ್ಕಕ್ಕೆ ವಿಮಾ ಜಮೆ ದೊರೆಯುತ್ತದೆ. ಗಂಡ ಅರ್ಜಿದಾರನಾದಾಗ ಈ ಜಮೆಯೂ ಅವನ ಹೆಸರಿಗೇ ಸೇರುತ್ತದೆ. ಅವನಾದರೋ ನೌಕರಿಯಲ್ಲಿದ್ದು ತನ್ನ ಕಂತನ್ನು ತಾನೇ ಕಟ್ಟುತ್ತಿರುವವನು. ಅವನಿಗೆ ಅದರಿಂದ ಪ್ರಯೋಜನವಿಲ್ಲ. ಇಂತಹ ಸಂದರ್ಭದಲ್ಲಿ ಮಗುವನ್ನು ನೋಡಿಕೊಳ್ಳುತ್ತ ಮನೆಯಲ್ಲಿರುವ ಹೆಂಡತಿಯ ಹೆಸರಿಗೆ ಆ ಜಮೆಯನ್ನು ವರ್ಗಾಯಿಸುವಂತೆ ಅರ್ಜಿ ಹಾಕಲು ಅವಕಾಶವುಂಟು. ಹಣ ಆಕೆಯ ಕೈಗೆ ಬರದಿದ್ದರೂ ಮಗುವಿಗಾಗಿ ಸವೆಸಿದ ವರ್ಷಗಳು ಲೆಕ್ಕಕ್ಕಾದರೂ ಬಂದಾವು.

ಯೂನಿವರ್ಸಲ್ ಕ್ರೆಡಿಟ್ಟಿನ ದಾರಿ ಇದಕ್ಕಿಂತ ತೊಡಕಿನದು. ಮೊದಲಿದ್ದ ‘ಟ್ಯಾಕ್ಸ್ ಕ್ರೆಡಿಟ್’ ಪದ್ಧತಿಯಲ್ಲಿ ದಂಪತಿಗಳಲ್ಲಿ ಒಬ್ಬರಿಗೆ ನಿರ್ಬಂಧವಿಲ್ಲದಿದ್ದರೆ ಇಬ್ಬರೂ ಕೂಡಿ ಅರ್ಜಿ ಹಾಕಬಹುದಾಗಿತ್ತು. ಆ ಪದ್ಧತಿ 2025ರ ಏಪ್ರಿಲಿನಲ್ಲಿ ಕೊನೆಗೊಂಡಿತು. ಯೂನಿವರ್ಸಲ್ ಕ್ರೆಡಿಟ್ಟಿನಲ್ಲಿ ನಿರ್ಬಂಧವಿಲ್ಲದವರು ‘ಒಂಟಿ ವ್ಯಕ್ತಿಯಾಗಿ’ ಅರ್ಜಿ ಹಾಕಬೇಕು. ಈ ಎರಡು ಮಾತುಗಳು ತಂದಿಡುವ ಗೊಂದಲ ಅಷ್ಟಿಷ್ಟಲ್ಲ. ಒಂಟಿ ವ್ಯಕ್ತಿಯಾಗಿ ಎಂದರೆ ಮದುವೆಯಾಗಿಲ್ಲವೆಂದು ಹೇಳಿಕೊಳ್ಳುವುದೆಂದು ತಿಳಿದವರು ಹೆಂಡತಿಯ ಹೆಸರನ್ನೇ ಮರೆಮಾಡುತ್ತಾರೆ. ಅದು ವಂಚನೆಯಾಗುತ್ತದೆ. ಇಲ್ಲಿ ‘ಒಂಟಿ’ ಎಂಬುದು ಮೊತ್ತವನ್ನು ಕಟ್ಟುವ ರೀತಿಗೆ ಸಂಬಂಧಿಸಿದ ಪರಿಭಾಷೆ. ಹೆಂಡತಿ ಜೊತೆಯಲ್ಲಿರುವುದನ್ನೂ ಆಕೆಯ ವೀಸಾದ ಸ್ವರೂಪವನ್ನೂ ಸ್ಪಷ್ಟವಾಗಿ ತಿಳಿಸಲೇಬೇಕು. ಅನಂತರ ಕಚೇರಿಯವರು ಮಾಡುವ ಲೆಕ್ಕ ಹೀಗಿರುತ್ತದೆ: ಆಕೆಯ ಸಂಬಳ, ಆಕೆಯ ಉಳಿತಾಯ ಎರಡನ್ನೂ ಗಂಡನದರೊಡನೆ ಕೂಡಿಸುತ್ತಾರೆ. ಇಬ್ಬರ ಉಳಿತಾಯ ಸೇರಿ 16,000 ಪೌಂಡನ್ನು ಮೀರಿದರೆ ಏನೂ ಸಿಕ್ಕುವುದಿಲ್ಲ. ಸಿಕ್ಕುವುದಾದರೆ ಮೂಲಭತ್ಯ ಒಬ್ಬರಿಗೆ ಸಲ್ಲುವಷ್ಟೇ. 2025-26ರಲ್ಲಿ 25 ವರ್ಷ ಮೀರಿದ ಒಬ್ಬರಿಗೆ ತಿಂಗಳಿಗೆ 400.14 ಪೌಂಡು, ದಂಪತಿಗಳಿಗಾದರೆ 628.10 ಪೌಂಡು ಎಂದಿತ್ತು. ನಡುವಣ ಅಂತರ 227.96 ಪೌಂಡು. ಒಂದೇ ಒಲೆಯ ಮೇಲೆ ಇಬ್ಬರಿಗೆ ಅಡುಗೆಯಾಗುವ ಮನೆಗೆ ಕಾನೂನು ಒಬ್ಬರ ಅಕ್ಕಿಯನ್ನು ಅಳೆದುಕೊಡುತ್ತದೆ. ಮಗುವಿನ ಪಾಲು ಮಾತ್ರ ಬೇರೆಯಾಗಿ ಕೂಡುತ್ತದೆ.

ಇಷ್ಟು ಜಿಪುಣತನದ ಹಿಂದೆ ಒಂದು ಸೂತ್ರವಿದೆ. ನಿರ್ಬಂಧಕ್ಕೊಳಗಾದವರ ಇರುವಿಕೆಯ ಕಾರಣದಿಂದ ಸರಕಾರದ ಬೊಕ್ಕಸಕ್ಕೆ ಹೆಚ್ಚಿನ ಹೊರೆ ಬೀಳಬಾರದೆಂಬುದೇ ಆ ಸೂತ್ರ. ಗಂಡನು ತನ್ನ ಹಕ್ಕಿನಿಂದ ಪಡೆದ ಹಣದಲ್ಲಿ ಹೆಂಡತಿಯೂ ಉಂಡರೆ ಕಾನೂನಿನ ಆಕ್ಷೇಪಣೆಯಿಲ್ಲ. ಆಕೆ ಬಂದಳೆಂದು ಹಣ ಹೆಚ್ಚಿದರೆ ಆಕ್ಷೇಪಣೆಯುಂಟು. ಪುರಸಭೆಯ ತೆರಿಗೆಯ ಇಳಿತ, ಮನೆಯ ಹಂಚಿಕೆ, ಬಾಡಿಗೆ ಇವುಗಳ ವಿಷಯದಲ್ಲಿ ಇಂತಹ ಹೆಚ್ಚಳ ತಿಳಿಯದೆಯೇ ಆಗಿಬಿಡಬಹುದಾದ್ದರಿಂದ ಅರ್ಜಿಗೆ ಮುನ್ನ ಬಲ್ಲವರನ್ನು ಕೇಳುವುದು ಕ್ಷೇಮ. ವೀಸಾ ನವೀಕರಣಕ್ಕೆ ತೋರಿಸಬೇಕಾದ 29,000 ಪೌಂಡಿನ ವರಮಾನದಲ್ಲಿ ಮಕ್ಕಳ ಭತ್ಯವನ್ನಾಗಲಿ ಯೂನಿವರ್ಸಲ್ ಕ್ರೆಡಿಟ್ಟನ್ನಾಗಲಿ ಸೇರಿಸುವಂತಿಲ್ಲವೆಂಬುದನ್ನೂ ನೆನಪಿಡಬೇಕು.

ಸರಕಾರದಿಂದ ಬರುವುದೆಲ್ಲವೂ ನಿಷಿದ್ಧವೆಂದು ತಿಳಿದು ಹೆದರುವುದೂ ತಪ್ಪು. ವಿಮೆಯ ಕಂತು ಕಟ್ಟಿದವರಿಗೆ, ದುಡಿದವರಿಗೆ ಬರುವ ಸೌಲಭ್ಯಗಳು ಸಾರ್ವಜನಿಕ ನಿಧಿಯ ಪಟ್ಟಿಯಲ್ಲಿಲ್ಲ. ನೌಕರಿಯಲ್ಲಿರುವ ಗರ್ಭಿಣಿಗೆ ನಿಯಮದಂತೆ 39 ವಾರಗಳ ಹೆರಿಗೆ ವೇತನವುಂಟು: ಮೊದಲ 6 ವಾರ ಸರಾಸರಿ ಸಂಬಳದ ಶೇಕಡ 90, ಅನಂತರ ಸರಕಾರ ಗೊತ್ತುಮಾಡಿದ ದರ. ಅದನ್ನು ಪಡೆಯಲು ಹುಬ್ಬಳ್ಳಿಯ ಹೆಣ್ಣುಮಗಳು ಅಳುಕಬೇಕಾಗಿಲ್ಲ. ಮಕ್ಕಳಿಗೆ ಸರಕಾರಿ ಶಾಲೆಯ ವಿದ್ಯಾಭ್ಯಾಸ ಉಚಿತ. ಇಂಗ್ಲೆಂಡಿನಲ್ಲಿ 3 ಮತ್ತು 4 ವರ್ಷದ ಎಲ್ಲ ಮಕ್ಕಳಿಗೂ ವಾರಕ್ಕೆ 15 ಗಂಟೆಗಳ ಶಿಶುವಿಹಾರ, ವರ್ಷಕ್ಕೆ 38 ವಾರ, ತಾಯಿತಂದೆಗಳ ವೀಸಾವನ್ನು ಕೇಳದೆ ದೊರೆಯುತ್ತದೆ. ನಿರ್ಬಂಧಿತ ಕುಟುಂಬಗಳ ಬಡಮಕ್ಕಳಿಗೂ ಶಾಲೆಯ ಉಚಿತ ಊಟವನ್ನು ಅಲ್ಲಿ 2022ರಲ್ಲಿ ಕಾಯಂಗೊಳಿಸಲಾಯಿತು. ವೈದ್ಯಕೀಯಕ್ಕಂತೂ ವೀಸಾದ ಜೊತೆಯಲ್ಲೇ ಶುಲ್ಕ ವಸೂಲಾಗಿರುತ್ತದೆ. 2024ರ ಫೆಬ್ರವರಿಯಿಂದ ಅದು ವಯಸ್ಕರಿಗೆ ವರ್ಷಕ್ಕೆ 1,035 ಪೌಂಡು. ಕೊಟ್ಟು ಪಡೆದದ್ದನ್ನು ಭಿಕ್ಷೆಯೆಂದು ಎಣಿಸಿ ಸಂಕೋಚಪಡುವವರ ಸಂಕೋಚ ಅನವಶ್ಯಕವಾದುದು.

ಗಂಡಹೆಂಡಿರಿಬ್ಬರೂ ಉದ್ಯೋಗದ ವೀಸಾದ ಮೇಲೆ ಹೋದವರಾದರೆ ನಿರ್ಬಂಧ ಸಾಮಾನ್ಯವಾಗಿ ಇಬ್ಬರಿಗೂ ಉಂಟು. ಮಕ್ಕಳ ಭತ್ಯವನ್ನು ಕೇಳುವ ಹಕ್ಕು ಇಬ್ಬರಿಗೂ ಇಲ್ಲ. ಸಂಬಳ ಸರಿಯಾಗಿ ಬರುತ್ತಿರುವವರೆಗೆ ಅವರಿಗೆ ಇದು ದೊಡ್ಡ ಕೊರತೆಯೆನಿಸದು. ನಿಜವಾದ ಕಷ್ಟ ಆಸರೆ ಕುಸಿದಾಗ ಕಾಣುತ್ತದೆ. ಅದೇ ಹಾಸನ-ಹುಬ್ಬಳ್ಳಿಯ ಸಂಸಾರದಲ್ಲಿ ಗಂಡ ಮನೆಬಿಟ್ಟು ಹೋದನೆಂದುಕೊಳ್ಳೋಣ. ತೊಟ್ಟಿಲಲ್ಲಿರುವ ಮಗು ಬ್ರಿಟಿಷ್ ಪ್ರಜೆ. ಅದನ್ನು ತೂಗುತ್ತಿರುವ ತಾಯಿಗೆ ಭತ್ಯವಿಲ್ಲ. ಗಂಡನ ಹೆಸರಿನಲ್ಲಿ ಬರುತ್ತಿದ್ದುದು ಗಂಡನೊಡನೆ ಹೋಯಿತು. ದೇಶಕ್ಕೆ ಮಗು ಸ್ವಂತದ್ದು, ಮಗುವಿನ ಹಾಲು ಪರಕೀಯ! ರಾತ್‌ಬೋನ್ ಎಂಬತ್ತು ವರ್ಷಗಳ ಹಿಂದೆ ಯಾವ ಪರಾಧೀನತೆಯಿಂದ ತಾಯಂದಿರನ್ನು ಬಿಡಿಸಲು ಹೆಣಗಿದಳೋ ಅದೇ ಪರಾಧೀನತೆ ಈ ತಾಯಿಯ ಪಾಲಿಗೆ ಉಳಿದುಕೊಂಡಿದೆ.

ಹಾಗೆಂದು ದಾರಿಗಳೆಲ್ಲವೂ ಮುಚ್ಚಿಲ್ಲ. 1989ರ ಮಕ್ಕಳ ಕಾಯಿದೆಯ 17ನೆಯ ಕಲಮಿನಂತೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ತಮ್ಮ ಎಲ್ಲೆಯೊಳಗಿನ ಅಗತ್ಯವುಳ್ಳ ಮಕ್ಕಳ ಯೋಗಕ್ಷೇಮವನ್ನು ನೋಡಬೇಕು. ತಾಯಿಯ ವೀಸಾ ಯಾವುದೇ ಇರಲಿ, ಮಗು ಹಸಿದಿದ್ದರೆ ಆ ಬಾಗಿಲನ್ನು ತಟ್ಟಬಹುದು. ಸಂಗಾತಿಯ ಅಥವಾ ತಾಯಿತಂದೆಗಳ ವೀಸಾದಂತಹ ಕೌಟುಂಬಿಕ ಅನುಮತಿಯ ಮೇಲಿರುವವರು ನಿರ್ಗತಿಕರಾದರೆ, ಆಗುವಂತಿದ್ದರೆ, ನಿರ್ಬಂಧವನ್ನು ತೆಗೆದುಹಾಕುವಂತೆ ಸರಕಾರಕ್ಕೆ ಅರ್ಜಿ ಹಾಕಬಹುದು. 2020ರ ಮೇ ತಿಂಗಳಲ್ಲಿ ಎಂಟು ವರ್ಷದ ಬಾಲಕನೊಬ್ಬನ ಪರವಾಗಿ ಬಂದ ಮೊಕದ್ದಮೆಯಲ್ಲಿ ಲಂಡನ್ನಿನ ಹೈಕೋರ್ಟು, ಸಂಸಾರ ಬೀದಿಪಾಲಾಗುವವರೆಗೆ ಕಾದು ಕುಳಿತುಕೊಳ್ಳುವಂತಹ ಧೋರಣೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು.

ಗಂಡನ ಹಿಂಸೆಯನ್ನು ತಾಳಲಾರದೆ ಹೊರಬೀಳುವ ಹೆಣ್ಣುಮಕ್ಕಳಿಗೂ ಪ್ರತ್ಯೇಕವಾದ ಒಂದು ರಿಯಾಯಿತಿ ಇದೆ. ಬ್ರಿಟಿಷ್ ಪ್ರಜೆಗಳ ಅಥವಾ ಕಾಯಂ ನೆಲೆಯವರ ಸಂಗಾತಿಗಳು ಅರ್ಜಿ ಹಾಕಿದರೆ 3 ತಿಂಗಳ ಮಟ್ಟಿಗೆ ಭತ್ಯಗಳನ್ನು ಪಡೆಯುವ ಅನುಮತಿ ದೊರೆಯುತ್ತದೆ. ಆ ಅವಧಿಯಲ್ಲಿ ಕಾಯಂ ನೆಲೆಗೆ ಅರ್ಜಿ ಹಾಕಿಕೊಳ್ಳಬಹುದು. 2012ರಲ್ಲಿ ಆರಂಭವಾದ ಈ ಏರ್ಪಾಡನ್ನು 2024ರ ಫೆಬ್ರವರಿಯಲ್ಲಿ ಉದ್ಯೋಗ ಮತ್ತು ವಿದ್ಯಾರ್ಥಿ ವೀಸಾದವರ ಸಂಗಾತಿಗಳಿಗೂ ವಿಸ್ತರಿಸಲಾಯಿತು. ಈ ಎರಡನೆಯ ಗುಂಪಿನವರಿಗೆ ಅದು ಕಾಯಂ ನೆಲೆಯ ದಾರಿಯಾಗದು. ಉಸಿರು ತಿರುಗಿಸಿಕೊಳ್ಳಲು ಮೂರು ತಿಂಗಳ ಅವಕಾಶ ಮಾತ್ರ. ‘ನನ್ನನ್ನು ಬಿಟ್ಟರೆ ಈ ದೇಶದಲ್ಲಿ ನಿನಗೆ ನೆಲೆಯಿಲ್ಲ’ ಎಂಬ ಗಂಡನ ಮಾತಿಗೆ ಹೆದರಿ ಸಹಿಸಿಕೊಂಡಿರುವ ಮಗಳಿಗೆ ಈ ಸಂಗತಿಯನ್ನು ಊರಿನಿಂದ ತಾಯಿತಂದೆಯಾದರೂ ತಿಳಿಸಬಲ್ಲರು.

ಇನ್ನು ಕ್ರಮದ ಮಾತು. ಮೊದಲು ತಮ್ಮ ಅನುಮತಿಯ ಷರತ್ತೇನೆಂಬುದನ್ನು ಓದಿ ತಿಳಿಯಬೇಕು. ಹಿಂದೆ ಕೈಯಲ್ಲಿರುತ್ತಿದ್ದ ವಾಸದ ಕಾರ್ಡುಗಳಲ್ಲಿ ಬಹುಪಾಲು 2024ರ ಡಿಸೆಂಬರ್ 31ಕ್ಕೆ ಮುಗಿದುಹೋದವು. ಅವುಗಳ ಸ್ಥಾನದಲ್ಲಿ ಬಂದಿರುವ ಇ-ವೀಸಾದಲ್ಲಿ ಸಾರ್ವಜನಿಕ ನಿಧಿಯ ಹಕ್ಕು ಉಂಟೋ ಇಲ್ಲವೋ ಎಂಬುದನ್ನು ನೋಡಿಕೊಳ್ಳಬಹುದು. ವಿಮಾ ಸಂಖ್ಯೆ ಬಂದ ಮಾತ್ರಕ್ಕೆ ಭತ್ಯದ ಹಕ್ಕು ಬಂದಂತಲ್ಲ. ಅರ್ಜಿಯಲ್ಲಿ ಇಬ್ಬರ ಸಂಗತಿಯನ್ನೂ ಇದ್ದಂತೆ ಬರೆಯಬೇಕು. ಕಾಯಂ ನೆಲೆ ದೊರೆತ ದಿನ ಅದನ್ನೂ ತಿಳಿಸಬೇಕು, ಏಕೆಂದರೆ ಅಂದಿನಿಂದ ಲೆಕ್ಕ ಬದಲಾಗುತ್ತದೆ. ಸಂದೇಹವಿದ್ದರೆ 1939ರಿಂದ ಉಚಿತ ಸಲಹೆ ನೀಡುತ್ತ ಬಂದಿರುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯನ್ನು ವಿಚಾರಿಸಬಹುದು. ವಲಸೆಯ ವಿಷಯದಲ್ಲಿ ವೃತ್ತಿಯಾಗಿ ಸಲಹೆ ಕೊಡುವವರು ವಕೀಲರಾಗಿರಬೇಕು, ಇಲ್ಲವೇ ಸರಕಾರದ ನೋಂದಣಿ ಪಡೆದಿರಬೇಕು. ಅದಿಲ್ಲದೆ ಸಲಹೆ ಮಾರುವುದು ಅಲ್ಲಿ ಅಪರಾಧ. ದೇವಸ್ಥಾನದ ಜಗಲಿಯಲ್ಲಿಯೋ ಹಬ್ಬದ ಕೂಟದಲ್ಲಿಯೋ ಸಿಕ್ಕ ಪರಿಚಿತರ ಮಾತನ್ನು ಪ್ರೀತಿಯಿಂದ ಕೇಳಬಹುದು. ಅದನ್ನೇ ನಂಬಿ ಅರ್ಜಿ ತುಂಬಬಾರದು.

ವಿದೇಶದ ವರನೆಂದರೆ ನಮ್ಮಲ್ಲಿ ಗೋತ್ರ, ನಕ್ಷತ್ರ, ಸಂಬಳ ಮೂರನ್ನೂ ವಿಚಾರಿಸಿ ತಾಂಬೂಲ ಬದಲಾಯಿಸುವ ವಾಡಿಕೆಯಿದೆ. ಅವನು ಅಲ್ಲಿನ ಪ್ರಜೆಯೇ, ಕಾಯಂ ನೆಲೆಯವನೇ, ಷರತ್ತಿನ ವೀಸಾದವನೇ, ಹುಡುಗಿಗೆ ಯಾವ ವೀಸಾ ಸಿಕ್ಕುತ್ತದೆ, ಅದರ ಮೇಲಿನ ನಿರ್ಬಂಧವೇನು ಎಂಬ ನಾಲ್ಕು ಪ್ರಶ್ನೆಗಳನ್ನು ಅದೇ ಚಾಪೆಯ ಮೇಲೆ ಕುಳಿತು ಕೇಳಿದರೆ ಬೀಗರು ಮುನಿಯಬೇಕಾಗಿಲ್ಲ. ಜಾತಕದಲ್ಲಿ ಕಾಣದ ಒಂದು ಗ್ರಹ ಪಾಸ್‌ಪೋರ್ಟಿನಲ್ಲಿ ಕುಳಿತಿರುತ್ತದೆ. ಅದರ ದೆಸೆ ಎಷ್ಟು ವರ್ಷವೆಂದು ತಿಳಿದು ಹೊರಡುವ ಹೆಣ್ಣುಮಗಳಿಗೆ ಪರದೇಶದಲ್ಲಿ ಅರ್ಧ ಧೈರ್ಯ ಊರಿನಿಂದಲೇ ಬಂದಿರುತ್ತದೆ.